ಗೌಡರು ಕೂರದ ಟೊಮೆಟೊ

ಮುನೇಗೌಡರ ಬಾಮೈದ ಬೀಜದಂಗಡಿ ತೆರೆದದ್ದೇ ತಡ, ಊರಿಗೆಲ್ಲ ಗೌಡರ ಹುಕುಂ ಬಂತು: "ಈ ಸಲ ಎಲ್ಲರೂ ನಮ್ಮ ತಳಿಯ ಟೊಮೆಟೊನೇ ಹಾಕಬೇಕು. ಬೇರೆ ತಳಿಯ ಹಣ್ಣು ನನ್ನ ಟೆಂಪೋ ಹತ್ತಲ್ಲ."

ಊರಿಗೆ ಇದ್ದದ್ದು ಅದೊಂದೇ ಟೆಂಪೋ. ಅದು ಬಾರದಿದ್ದರೆ ಹಣ್ಣು ಹೊಲದಲ್ಲೇ ಕೊಳೆಯಬೇಕು.

ಮರುದಿನ ಹಾಲಿನ ಡೇರಿ ಮುಂದೆ ಗೌಡರು ಮಾದರಿಗೆಂದು ಒಂದು ತುಂಬಿದ ಕ್ರೇಟು ಇಳಿಸಿದರು. "ನೋಡ್ರಪ್ಪ, ಕಲ್ಲಿನಂಥ ಹಣ್ಣು. ದಿಲ್ಲಿಗೆ ಹೋದರೂ ಒಡೆಯಲ್ಲ!"

ಒಂದೆಕರೆಯ ಒಡತಿ ಸೊಣ್ಣಮ್ಮ ಒಂದು ಹಣ್ಣನ್ನು ಹೆಬ್ಬೆರಳಲ್ಲಿ ಅದುಮಿ ನೋಡಿದಳು. ಸಿಪ್ಪೆ ತೀರಾ ತೆಳು. ಹಾಗಂತ ಬಾಯಿಬಿಟ್ಟರೆ ಟೆಂಪೋ ತಪ್ಪುತ್ತದೆ. ಅವಳು ಕ್ರೇಟಿನ ಮೇಲೊಂದು ಗೋಣಿಚೀಲ ಹಾಸಿದಳು.

"ಎಷ್ಟು ಹೊತ್ತು ನಿಂತಿರ್ತೀರಿ ಗೌಡ್ರೇ? ಕೂತ್ಕೊಳ್ಳಿ."

"ಹಣ್ಣಿನ ಮೇಲಾ?"

"ಟೆಂಪೋದಲ್ಲಿ ಇದರ ಮೇಲೆ ಐದು ಕ್ರೇಟು ಕೂರ್ತಾವೆ. ನೀವು ಅಷ್ಟು ಭಾರ ಇಲ್ಲ ಬಿಡಿ. ಕೂತು ಎದ್ದರೆ ನನ್ನ ಹೊಲಕ್ಕೂ ಇದೇ ತಳಿ."

ಹಾಲಿನ ಕ್ಯಾನುಗಳೆಲ್ಲ ನೆಲಕ್ಕಿಳಿದವು. ಗೌಡರದು ಆಗತಾನೇ ಇಸ್ತ್ರಿಯಾದ ಬಿಳಿ ಪಂಚೆ. ಒಲ್ಲೆ ಎಂದರೆ ಮರ್ಯಾದೆ ಹೋಗುತ್ತದೆ. ಮಂಡಿ ಹಿಡಿದು ಮೆಲ್ಲಗೆ ಬಗ್ಗಿದರು. ಗೇಣುದ್ದ ಮೇಲೆಯೇ ನಿಂತುಬಿಟ್ಟರು.

"ಇನ್ನೊಂದೇ ಗೇಣು ಗೌಡ್ರೇ!" ಎಂದರು ಜನ.

ಮಂಡಿ ಹಿಡಿದುಕೊಂಡಿತು. ಕೂರಲೂ ಆಗದು, ಏಳಲೂ ಆಗದು.

"ಒಗೆದರೆ ಹೋಗೋ ಕಲೆಗೇ ನೀವಿಷ್ಟು ಹೆದರಿದರೆ, ಹೋದರೆ ಬಾರದ ಬೆಳೆಗೆ ನಾನೆಷ್ಟು ಹೆದರಬೇಡ?" ಎಂದಳು ಸೊಣ್ಣಮ್ಮ.

"ಏನಾದ್ರೂ ಹಾಕ್ಕೊಳ್ಳಮ್ಮ! ಮೊದಲು ಕೈ ಕೊಡು!"

"ಟೆಂಪೋ?"

"ಎಲ್ಲರ ಮನೆಗೂ ಬರ್ತದೆ!"

ಆಮೇಲೆ ಕೈ ಕೊಟ್ಟಳು.

ಈಗಲೂ ಆ ಊರಿಗೆ ಬೀಜ ಮಾರುವವರು ಬಂದರೆ ಯಾರೂ ಕುರ್ಚಿ ಹಾಕುವುದಿಲ್ಲ. ಕ್ರೇಟು ತೋರಿಸುತ್ತಾರೆ.