ಮಗ್ಗದಿಂದ ಇಳಿಯದ ಸೀರೆ

"ದುಡಿಮೆ ಸಿಕ್ಕವರಿಗೂ ಮಠದ ಜೋಳ ಕೊಡಬೇಕೆ, ಅಜ್ಜಾರೇ?" ಎಂದು ಮರಿದೇವ ಮಠದ ಗುರುಗಳನ್ನು ಕೇಳಿದ.

ಮಠದ ಉಗ್ರಾಣ ಈ ಶಿಷ್ಯನ ಕೈಯಲ್ಲಿತ್ತು. ದಿಕ್ಕಿಲ್ಲದ ಮನೆಗಳಿಗೆ ಮಠ ತಿಂಗಳಿಗೊಮ್ಮೆ ಕೈಖರ್ಚಿಗೆ ಒಂದಿಷ್ಟು ಹಣ, ಉಣ್ಣಲು ಜೋಳ ಕೊಡುತ್ತಿತ್ತು. ಆ ಬೆಳಿಗ್ಗೆ ನಿಂಬೆವ್ವ ಎಂಬ ವಿಧವೆ ಬಂದಿದ್ದಳು. ಎಣ್ಣೆಗಾಣದಲ್ಲಿ ಕೆಲಸ ಸಿಕ್ಕಿದೆ, ಇನ್ನು ಹಣ ಬೇಡ, ಆದರೆ ಮಕ್ಕಳಿಗಾಗಿ ಜೋಳವನ್ನು ಸ್ವಲ್ಪ ಕಾಲ ಮುಂದುವರಿಸಿ ಎಂದು ಬೇಡಿಕೊಂಡಿದ್ದಳು. ಗುರುಗಳನ್ನು ಕೇಳಿ ಹೇಳುತ್ತೇನೆ ಎಂದು ಮರಿದೇವ ಅವಳನ್ನು ಜಗಲಿಯ ಮೇಲೆ ಕೂರಿಸಿ ಒಳಗೆ ಬಂದಿದ್ದ. ಹಣ ಬೇಡ ಎನ್ನುವವಳಿಗೆ ಜೋಳ ಯಾಕೆ ಬೇಕು ಎಂಬುದು ಅವನ ತಕರಾರು. ಇದು ಆಸೆಬುರುಕತನ ಎಂದು ಅವನಿಗೆ ಅನ್ನಿಸಿತ್ತು. ಹಾಗೆಂದು ಹೇಳಿಯೂ ಬಿಟ್ಟ.

ಗುರುಗಳು ಅವನಿಗೆ ಕೂರಲು ಹೇಳಿದರು. ನಿಂತವನಿಗೆ ಕತೆ ಹೇಳಿದರೆ ಅವನ ಕಿವಿ ಬಾಗಿಲ ಕಡೆಗೇ ಇರುತ್ತದೆ ಎಂದು ನಕ್ಕು, ಹೇಳತೊಡಗಿದರು.

ನೇಕಾರರ ಊರೊಂದರಲ್ಲಿ ಒಬ್ಬ ಕಾಳಿನ ವರ್ತಕನಿದ್ದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ. ಊರಿನ ಗತಿಯಿಲ್ಲದ ಮನೆಗಳಿಗೆಲ್ಲ ಅವನು ಪ್ರತಿ ತಿಂಗಳು ಹಣವನ್ನೂ ಜೋಳವನ್ನೂ ಕೊಡುತ್ತಿದ್ದ. ಅವುಗಳಲ್ಲಿ ಯಾವುದಾದರೂ ಮನೆಗೆ ದುಡಿಮೆಯ ದಾರಿ ಸಿಕ್ಕಿತೆಂದು ತಿಳಿದರೆ ಅವನಿಗೆ ಎಲ್ಲಿಲ್ಲದ ಹಿಗ್ಗು. ಅಂದು ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಹಂಚುತ್ತಿದ್ದ. ಇನ್ನೊಂದು ಮನೆ ತನ್ನ ಕಾಲ ಮೇಲೆ ನಿಂತಿತು ಎಂದು ಕರೆಕರೆದು ಹೇಳುತ್ತಿದ್ದ. ಆ ಮನೆಗೆ ಕೊಡುತ್ತಿದ್ದುದನ್ನು ಅಂದೇ ನಿಲ್ಲಿಸುತ್ತಿದ್ದ.

ಆ ಊರಿನಲ್ಲಿ ಗಂಡ ಸತ್ತ ಒಬ್ಬ ಹೆಂಗಸಿದ್ದಳು. ಮೈದುನನ ಮಗ್ಗದಲ್ಲಿ ಕೂತು ನೇಯ್ಗೆ ಕಲಿತಳು. ಮಗ್ಗದ ಯಜಮಾನನೊಬ್ಬ ಅವಳಿಗೆ ಸೀರೆ ನೇಯಲು ಕೊಟ್ಟ. ಅವಳು ಅಲ್ಲಿಂದ ನೇರವಾಗಿ ವರ್ತಕನ ಅಂಗಡಿಗೆ ಬಂದು ಸುದ್ದಿ ಹೇಳಿದಳು. ಅನ್ನ ಕೊಟ್ಟವನಿಗೆ ಮೊದಲು ತಿಳಿಸಬೇಕು ಎಂಬುದು ಅವಳ ಮನಸ್ಸು. ವರ್ತಕ ಬೆಲ್ಲದ ಬುಟ್ಟಿ ತರಿಸಿದ. ಅವಳ ಕೈಗೂ ಒಂದು ಚೂರು ಇಟ್ಟ. ಆ ತಿಂಗಳು ಅವಳಿಗೆಂದು ತೆಗೆದಿಟ್ಟಿದ್ದ ಜೋಳದ ಚೀಲವನ್ನು ಒಳಗೆ ಸಾಗಿಸಲು ಆಳಿಗೆ ಹೇಳಿದ. ಅವಳು ಏನೋ ಹೇಳಲು ಬಾಯಿ ತೆರೆದಳು. ಊರವರು ಅವಳನ್ನು ಹೊಗಳುತ್ತಿದ್ದರು. ಆ ಗದ್ದಲದಲ್ಲಿ ಬೇಡಲು ಅವಳಿಗೆ ನಾಚಿಕೆಯಾಯಿತು.

ಆ ಊರಿನ ನೇಕಾರರಲ್ಲಿ ಒಂದು ಪದ್ಧತಿ ಇತ್ತು. ಸೀರೆ ಮುಗಿದು ಮಗ್ಗದಿಂದ ಇಳಿಯುವವರೆಗೆ ಕೂಲಿ ಇಲ್ಲ. ಮುಂಗಡದ ಮಾತೂ ಇಲ್ಲ. ನೇಯುವವರಿಗೆಲ್ಲ ಇದು ಗೊತ್ತು. ಜೋಳ ಮಾರುವವನಿಗೆ ಇದನ್ನು ಕೇಳಿ ತಿಳಿಯುವ ಅಗತ್ಯ ಎಂದೂ ಬಿದ್ದಿರಲಿಲ್ಲ. ಪಳಗಿದ ಕೈಯಾದರೆ ಸೀರೆ ಬೇಗ ಇಳಿಯುತ್ತದೆ. ಇವಳದು ಹೊಸ ಕೈ. ಎಳೆ ಹರಿಯುತ್ತಿತ್ತು, ಗಂಟು ಹಾಕುತ್ತಿದ್ದಳು, ತಪ್ಪಿದ್ದನ್ನು ಬಿಚ್ಚಿ ಮತ್ತೆ ನೇಯುತ್ತಿದ್ದಳು. ಮನೆಯಲ್ಲಿ ಕಾಳು ತಳ ಕಂಡಿತು. ಮೊದಲೆಲ್ಲ ಪಾಪ ಎಂದು ಸಾರಿನ ಬಟ್ಟಲು ಕಳಿಸುತ್ತಿದ್ದ ನೆರೆಯವರು ಕಳಿಸುವುದನ್ನು ಬಿಟ್ಟರು. ಅವಳಿಗೇನು, ಕೆಲಸ ಸಿಕ್ಕಿದೆಯಲ್ಲ ಎಂದುಕೊಂಡರು. ಏನೂ ಇಲ್ಲದಿದ್ದಾಗ ಎರಡು ಹೊತ್ತು ಉಣ್ಣುತ್ತಿದ್ದ ಮಕ್ಕಳು ತಾಯಿ ದುಡಿಯತೊಡಗಿದ ಮೇಲೆ ಉಪವಾಸ ಬಿದ್ದರು.

ಸೀರೆ ಅರ್ಧಕ್ಕೆ ಬಂದಿತ್ತು. ಕಿರಿಯ ಮಗು ಅಳುವುದನ್ನೂ ನಿಲ್ಲಿಸಿ ಸುಮ್ಮನೆ ಮಲಗಿಬಿಟ್ಟಿತು. ತಾಯಿಗೆ ಜೀವ ಹೋದಂತಾಯಿತು. ಅವಳು ಕತ್ತಿ ತಂದು ನೇಯ್ದಷ್ಟನ್ನು ಮಗ್ಗದಿಂದ ಕೊಯ್ದಳು. ಸೆರಗಿಲ್ಲದ ಅರ್ಧ ಸೀರೆಯನ್ನು ಯಾರು ಉಡುತ್ತಾರೆ? ಕೂಸುಗಳಿಗೆ ಕುಲಾವಿ ಹೊಲಿಯಲು ಆದೀತೆಂದು ಸಂತೆಯಲ್ಲಿ ಯಾರೋ ಒಂದು ಮೊರ ಜೋಳ ಕೊಟ್ಟು ಕೊಂಡರು. ಮಗ್ಗದಲ್ಲಿ ಉಳಿದ ನೂಲು ಇನ್ನೊಂದು ಸೀರೆಗೆ ಸಾಲದು. ಯಜಮಾನ ಅವಳನ್ನು ಮಗ್ಗದಿಂದ ಎಬ್ಬಿಸಿದ.

ಮುಂದಿನ ತಿಂಗಳು ಅವಳು ವರ್ತಕನ ಬಾಗಿಲಲ್ಲಿ ಮತ್ತೆ ಸಾಲಿಗೆ ನಿಂತಳು. ವರ್ತಕನಿಗೆ ಮೈ ಉರಿಯಿತು. ಊರೆದುರು ತನ್ನ ಮುಖಕ್ಕೆ ಮಸಿ ಬಳಿದಂತೆ ಅನ್ನಿಸಿತು. ನಿನ್ನ ಹೆಸರಿನಲ್ಲಿ ಬೆಲ್ಲ ಹಂಚಿದೆನಲ್ಲ, ಸಿಕ್ಕ ಕೆಲಸವನ್ನು ಕೈಯಾರೆ ಕಳೆದುಕೊಂಡೆಯಾ ಎಂದು ಬೈದ.

ಅವಳು ತಲೆ ತಗ್ಗಿಸಿಯೇ ಹೇಳಿದಳು: "ಊರಿಗೆಲ್ಲ ಬೆಲ್ಲ ಕೊಟ್ಟಿರಿ, ಸಾಹುಕಾರರೇ. ನನ್ನ ಮಕ್ಕಳಿಗೆ ರೊಟ್ಟಿ ಇರಲಿಲ್ಲ."

ವರ್ತಕ ಅವಳ ಮಾತನ್ನು ನಂಬದೆ ಮಗ್ಗದ ಯಜಮಾನನ ಬಳಿಗೆ ಹೋದ. ಮೊದಲ ಸೀರೆ ಇಳಿಯುವವರೆಗೆ ಮನೆಯಲ್ಲಿ ಕಾಳಿರಬೇಕು, ಕಾಳಿನ ವ್ಯಾಪಾರಿಗೆ ಅಷ್ಟೂ ತಿಳಿಯದೇ ಎಂದು ಆತ ಕೇಳಿದ. ವರ್ತಕ ಕತ್ತರಿಸಿ ಬಿದ್ದ ಎಳೆಗಳನ್ನು ನೋಡಿದ. ಅವನಿಗೆ ತುಂಬ ಸಂಕಟವಾಯಿತು. ಕೆಟ್ಟ ನೂಲಿನ ಬೆಲೆ ಕೊಟ್ಟು ಅವಳನ್ನು ಮತ್ತೆ ಮಗ್ಗಕ್ಕೆ ಕೂರಿಸಿದ. ಅಂದಿನಿಂದ ಅವನ ಪದ್ಧತಿ ಬದಲಾಯಿತು. ಕೆಲಸ ಹಿಡಿದವರಿಗೆ ಹಣ ಅಂದೇ ನಿಲ್ಲುತ್ತಿತ್ತು. ಜೋಳ ಮಾತ್ರ ಮುಂದಿನ ಸುಗ್ಗಿಯವರೆಗೆ ಮೊದಲಿನ ಅಳತೆಯಲ್ಲೇ ಹೋಗುತ್ತಿತ್ತು. ನಡುವೆ ಕೂಲಿ ಹೆಚ್ಚಿತೆಂದು ಅಳತೆ ತಗ್ಗಿಸಕೂಡದು ಎಂದು ಆಳುಗಳಿಗೆ ಹೇಳಿದ್ದ. ಆ ಹೆಂಗಸು ಸುಗ್ಗಿಗೆ ಮೊದಲೇ ಬರುವುದನ್ನು ಬಿಟ್ಟಳು. ಯಾಕೆಂದು ವರ್ತಕ ಕೇಳಿ ಕಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನಿಗೆ ಕತೆ ಹಿಡಿಸಿತು, ಆದರೆ ಉಗ್ರಾಣದ ಚಿಂತೆ ಬಿಡಲಿಲ್ಲ.

"ಅವಳೇನೋ ಬಿಟ್ಟಳು, ಅಜ್ಜಾರೇ. ಕೂಲಿ ಕೈಗೆ ಬಂದ ಮೇಲೂ ಸುಮ್ಮನೆ ಜೋಳ ಒಯ್ಯುವವರು ಇರುತ್ತಾರಲ್ಲ?" ಎಂದ.

ಗುರುಗಳು ಮೆಲ್ಲಗೆ ಕೇಳಿದರು: "ಇಲ್ಲಿ ಎರಡು ಹೊತ್ತೂ ದಾಸೋಹ ಇದ್ದರೂ, ನೀನು ಮಠಕ್ಕೆ ಸೇರಿದ ಹೊಸತರಲ್ಲಿ ನಿನ್ನ ಅವ್ವ ವಾರವಾರ ರೊಟ್ಟಿಬುತ್ತಿ ಹೊತ್ತು ಬರುತ್ತಿದ್ದಳಲ್ಲ ಮರಿದೇವ, ಅವಳನ್ನು ನಾನು ಬಾಗಿಲಲ್ಲೇ ತಡೆದಿದ್ದರೆ ನೀನು ಇಲ್ಲಿ ಉಳಿಯುತ್ತಿದ್ದೆಯಾ?"

ಮರಿದೇವ ಎದ್ದು ಉಗ್ರಾಣಕ್ಕೆ ಹೋಗಿ ನಿಂಬೆವ್ವನಿಗೆ ಮೊದಲಿನ ಅಳತೆಯಲ್ಲೇ ಜೋಳ ಅಳೆದ.