ಮಾಯಿಗ ತಡಕ್ಕೆ ಕಾರಣ ಹೇಳಿದ್ದು

ಉಣ್ಣು ಅಂದರೆ ಉಣ್ಣುವ, ಸಾಕು ಅನ್ನುವ ತನಕ ಉಣ್ಣುತ್ತಲೇ ಇರುವ ಮಗ ಹೊನ್ನಮ್ಮನಿಗೆ ಒಬ್ಬನೇ. ಹೆಸರು ಮಾಯಿಗ. ಇಂಥದ್ದೇ ಇನ್ನೊಂದನ್ನು ಹೆರುವ ಧೈರ್ಯ ಅವಳಿಗೆ ಬರಲಿಲ್ಲ.

ಹೊನ್ನಮ್ಮನ ಹಿತ್ತಲ ಬಾವಿ ಮೈದುನ ಚೆನ್ನಿಗನದು ಅಂತ ಕೋರ್ಟು ತೀರ್ಪು ಕೊಟ್ಟಿತು. ಗಡುವಿನೊಳಗೆ ಮೇಲಿನ ಕೋರ್ಟಿಗೆ ಹೋಗದಿದ್ದರೆ ಕುಡಿಯುವ ನೀರಿಗೂ ಅವನ ಬಾಗಿಲು ಕಾಯಬೇಕು. ಹಸು ಈಯುವುದರಲ್ಲಿತ್ತು, ಅವಳು ಕದಲುವಂತಿರಲಿಲ್ಲ. ತೀರ್ಪಿನ ನಕಲು ಮಗನಿಗೆ ಕೊಟ್ಟಳು.

"ವಕೀಲರ ಕೈಗೇ ಕೊಡು. ಬೇರೆಯವರಿಗೆ ಕೊಟ್ಟೀಯ, ಜೋಕೆ."

ವಕೀಲರು ಪರವೂರಿಗೆ ಹೋಗಿದ್ದರು. ಅವರ ಹೆಂಡತಿ ಕೈ ಚಾಚಿದರೂ ಮಾಯಿಗ ಕೊಡಲಿಲ್ಲ. ವಾಪಸ್ಸು ತಂದ.

"ಅಯ್ಯೋ ಬೆಪ್ಪೇ, ಅವರಿಲ್ಲದಿದ್ದರೆ ಜಗಲಿ ಮೇಲೆ ಯಾರಿರ್ತಾರೋ ಅವರಿಗೆ ಕೊಟ್ಟು ಬರೋದಲ್ವೇನೋ?"

ಮತ್ತೆ ಹೋದ. ಜಗಲಿ ಮೇಲೆ ಚಿಕ್ಕಪ್ಪ ಚೆನ್ನಿಗನೇ ಕೂತಿದ್ದ, ಅತ್ತಿಗೆ ಏನು ಮಾಡುತ್ತಿದ್ದಾಳೆ ಅಂತ ಮೂಸಲು ಬಂದವನು. ಮಾಯಿಗ ಅವನಿಗೇ ಕೊಟ್ಟ. ಚೆನ್ನಿಗ ನಕಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೋಂಡ ಕೊಡಿಸಿದ.

ಇನ್ನೊಂದು ನಕಲು ಸಿಗುವಷ್ಟರಲ್ಲಿ ಹಸು ಈದಿತ್ತು, ಗಡುವು ದಾಟಿತ್ತು.

"ಸುಮ್ಮನೆ ತಡವಾಯ್ತು ಅಂದರೆ ಕೋರ್ಟು ಒಪ್ಪಲ್ಲಮ್ಮ," ಅಂದರು ವಕೀಲರು. "ಕಾರಣ ಗಟ್ಟಿ ಇದ್ದರೆ ಮನ್ನಿಸುತ್ತೆ."

"ಕಾರಣ ಇಲ್ಲೇ ನಿಂತದೆ ಸ್ವಾಮಿ," ಅಂತ ಹೊನ್ನಮ್ಮ ಮಗನ ಕಡೆ ತಿರುಗಿದಳು. "ಕೋರ್ಟಲ್ಲಿ ಜಡ್ಜು ಸಾಹೇಬರು ತಡ ಯಾಕಾಯ್ತು ಅಂತ ಕೇಳಿದರೆ ನಡೆದದ್ದು ನಡೆದ ಹಾಗೆ ಹೇಳಿಬಿಡು."

ಮೇಲಿನ ಕೋರ್ಟಿನಲ್ಲಿ ಮಾಯಿಗ ಹಾಗೇ ಹೇಳಿದ. ಬೋಂಡಕ್ಕೆ ಉಪ್ಪು ಕಮ್ಮಿ ಇದ್ದದ್ದನ್ನೂ ಹೇಳಿದ. ಜಡ್ಜು ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿದರು, ಆಮೇಲೆ ಅವನನ್ನು ಹೆತ್ತವಳನ್ನು ನೋಡಿದರು.

"ಈ ತಾಯಿಯದು ಸೋಮಾರಿತನವಲ್ಲ. ತಡ ಮನ್ನಿಸಿದ್ದೇನೆ. ಮುಂದಿನ ತಾರೀಖಿಗೆ ಎರಡೂ ಕಡೆಯವರು ಹೊತ್ತಿಗೆ ಸರಿಯಾಗಿ ಬರಬೇಕು. ಬಾರದವರು ಸೋತ ಹಾಗೆ."

ಆ ತಾರೀಖು ಬಂತು. ಬೆಳಿಗ್ಗೆ ಹೊನ್ನಮ್ಮ ಮಗನನ್ನು ಎಬ್ಬಿಸಿದಳು. "ಏಳೋ. ನಿನ್ನ ಚಿಕ್ಕಪ್ಪ ನಮಗಿಂತ ಮುಂಚೆ ಅಲ್ಲಿರಬಾರದು, ನೋಡು."

ಮಾಯಿಗ ಎದ್ದು ಒಂದು ಗಳಿಗೆ ಹೊರಗೆ ಹೋಗಿ ಬಂದ. ಇಬ್ಬರೂ ಬಸ್ಸು ಹತ್ತಿದರು.

ಕೋರ್ಟಿನಲ್ಲಿ ಚೆನ್ನಿಗನ ಹೆಸರು ಕೂಗಿದರು, ಮತ್ತೆ ಕೂಗಿದರು. ಆಸಾಮಿ ಇಲ್ಲ. ಹೊನ್ನಮ್ಮನಿಗೆ ಬಾವಿ ನೀರು ಆಗಲೇ ಗಂಟಲಲ್ಲಿ ಇಳಿದಂತಾಯಿತು.

"ಇವರು ತಡ ಮಾಡಿದ್ದಕ್ಕೆ ಕಾರಣ ಹೇಳುವವರು ಯಾರಾದರೂ ಇದ್ದಾರಾ?" ಅಂದರು ಸಾಹೇಬರು.

ಮಾಯಿಗ ಎದ್ದ. ಹೊನ್ನಮ್ಮ ಅವನ ಅಂಗಿ ಹಿಡಿದು ಎಳೆದಳು. ಅಂಗಿ ಬಂತು, ಮಾಯಿಗ ಕೂರಲಿಲ್ಲ.

"ನಾನಿದ್ದೀನಿ ಸ್ವಾಮಿ. ಚಿಕ್ಕಪ್ಪ ಮಲಗಿದ್ದ. ಹೊರಗಿಂದ ಚಿಲಕ ಹಾಕಿ ಬಂದೆ. ಅವನು ನಮಗಿಂತ ಮುಂಚೆ ಬರಬಾರದು ಅಂತ ಅವ್ವ ಹೇಳಿದ್ಲು."

ಸಾಹೇಬರು ನಿಧಾನಕ್ಕೆ ಬರೆದುಕೊಂಡರು. "ಕಾರಣ ಗಟ್ಟಿಯಾಗಿದೆ. ಇವರ ತಡವನ್ನೂ ಮನ್ನಿಸಿದ್ದೇನೆ."

ಮಾಯಿಗ ಅವ್ವನ ಪಕ್ಕ ಕೂತು ಕಿವಿಯಲ್ಲಿ ಅಂದ: "ನೋಡವ್ವಾ, ನಾನು ಹೇಳಿದರೆ ಸಾಹೇಬರು ಒಂದು ಸಲಾನೂ ಇಲ್ಲ ಅನ್ನಲ್ಲ."