ನಾಯಿಯ ಕತ್ತಿನ ಕೂದಲು ಯಾಕೆ ಎದ್ದು ನಿಲ್ಲುತ್ತದೆ

ಭೂಮಿಯ ಮೇಲಿನ ಮೊಟ್ಟಮೊದಲ ನಾಯಿಯ ಕೊರಳಪಟ್ಟಿಯನ್ನು ನಾನು ಈ ಕೈಯಾರೆ ಮುಟ್ಟಿದ್ದೇನೆ. ಮುಟ್ಟುವುದೇನು, ನಾನು ಕೂಸಾಗಿದ್ದಾಗ ನಮ್ಮಜ್ಜಿ ಅದನ್ನೇ ಉಡಿದಾರ ಮಾಡಿ ನನ್ನ ಸೊಂಟಕ್ಕೆ ಕಟ್ಟಿದ್ದಳು. ನೋಡಿದವರು ಇಬ್ಬರೇ. ಒಬ್ಬಳು ನಮ್ಮಜ್ಜಿ, ಇನ್ನೊಬ್ಬ ಗುಡ್ಡದ ಹಟ್ಟಿಯ ಕುಂಟ ದ್ಯಾಮಣ್ಣ. ಇಬ್ಬರೂ ಮಣ್ಣು ಸೇರಿ ಐವತ್ತು ವರ್ಷವಾಯಿತು. ಬೇಕಾದರೆ ಹೋಗಿ ಕೇಳಿ!

ಈ ಮಾತನ್ನು ನಾನು ಹೇಳಿದ್ದು ನನ್ನ ಮೊಮ್ಮಗಳು ಕಮಲಿಗೆ. ಅವಳು ಕುರಿರೊಪ್ಪದ ಬೇಲಿಗೆ ಒರಗಿ, ತನ್ನ ನಾಯಿಮರಿಯನ್ನು ಅವುಚಿಕೊಂಡು ಕೂತಿದ್ದಳು. ಹಿಂದಿನ ದಿನ ಆ ಮರಿ ಕುರಿಗಳನ್ನು ಅಟ್ಟಾಡಿಸಿದಾಗ ಒಂದು ಕುರಿಮರಿಯ ಕಾಲು ಉಳುಕಿತ್ತು. ಅದಕ್ಕೆ ನನ್ನ ಮಗ ಸೋಮಲಿಂಗ ಪೇಟೆಯಿಂದ ಕಬ್ಬಿಣದ ಬೆಲ್ಟು ತಂದಿದ್ದ. ಒಳಗಡೆಯೆಲ್ಲ ಹಲ್ಲು. ಎಳೆದರೆ ಕತ್ತಿಗೆ ಚುಚ್ಚುತ್ತದೆ.

"ಇದನ್ನು ಹಾಕಿ ನಾಲ್ಕು ಸಲ ಎಳೆದರೆ ಬುದ್ಧಿ ಬರುತ್ತೆ. ಬರಲಿಲ್ಲವೋ, ನಾಳೆ ಲಾರಿಯವನ ಕೈಗೆ ಕೊಟ್ಟು ಕಳಿಸ್ತೀನಿ," ಅಂದ.

ಬೆಲ್ಟು ಝಣ್ ಅಂದಿತು. ಮರಿಯ ಕತ್ತಿನ ಕೂದಲು ಪೊರಕೆ ಕಡ್ಡಿಯ ಹಾಗೆ ಎದ್ದು ನಿಂತಿತು.

"ತಾತ, ಯಾಕೆ ಹಂಗೆ ಕೂದಲು ನಿಂತ್ಕೊಂತು?" ಅಂದಳು ಕಮಲಿ.

"ಲೋ ಸೋಮ, ತಡಿ. ನಾನು ಹೇಳಿ ಮುಗಿಸೋವರೆಗೂ ಅದನ್ನು ಹಾಕಬೇಡ."

"ಉದ್ದ ಎಳೀಬೇಡಪ್ಪ, ಕೆಲಸ ಐತೆ," ಅಂತ ಅವನು ಬೆಲ್ಟು ಹಿಡಿದುಕೊಂಡೇ ಕುಕ್ಕರುಗಾಲಲ್ಲಿ ಕೂತ.

ನಾನು ಹೇಳತೊಡಗಿದೆ.

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟದ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಮೂಡುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ. ಬೆಳಗ್ಗೆ ಮುಂದಕ್ಕೆ ಹರಿಯುತ್ತಿತ್ತು, ಸಂಜೆ ಹಿಂದಕ್ಕೆ ಹರಿಯುತ್ತಿತ್ತು. ಗಾಳಿ ಇನ್ನೂ ಅಂಬೆಗಾಲಿಡುತ್ತಿತ್ತು.

ಆಗ ನಾಯಿ ಅಂತ ಇರಲಿಲ್ಲ. ತೋಳಗಳಿದ್ದವು. ಒಂದು ತೋಳದ ಮರಿ ಮಾತ್ರ ಚಳಿ ತಡೆಯಲಾರದೆ, ಮಾಳ ಎಂಬ ಕುರುಬನ ಕಂಬಳಿಯೊಳಗೆ ಬಂದು ಮಲಗಿತು. ಮಾಳ ಓಡಿಸಲಿಲ್ಲ. ಮಾಳನ ಹೆಂಡತಿ ಕೆಂಚವ್ವ ಅದಕ್ಕೆ ಹಾಲು ಹಾಕಿದಳು. ಅದೇ ಮೊದಲ ನಾಯಿ.

ಒಳ್ಳೆಯ ಮರಿ. ಆದರೆ ಏನಾದರೂ ಓಡುವುದನ್ನು ಕಂಡರೆ ಅದರ ಕಾಲು ಅದರ ಮಾತನ್ನೇ ಕೇಳುತ್ತಿರಲಿಲ್ಲ. ಕುರಿ ಓಡಿದರೆ ತಾನೂ ಓಡುವುದು. ಇದು ಓಡಿದರೆ ಕುರಿ ಇನ್ನೂ ಜೋರಾಗಿ ಓಡುವುದು. ಮಾಳ "ನಿಲ್ಲು!" ಅಂದ. ಮರಿ ನಿಲ್ಲಲಿಲ್ಲ. ಎರಡು ಕುರಿ ಬೆದರಿ ಹೊಳೆಗೆ ಬಿದ್ದವು. ಹೊಳೆ ಪಾಪ, ಎರಡನ್ನೂ ದಡಕ್ಕೆ ತಂದು ಹಾಕಿತು.

ಬಿಳಿಗಿವಿ ಅಂತ ಮುದಿ ಕುರಿಯೊಂದಿತ್ತು. ಅದು ಮುಂದೆ ಬಂದು ಹೇಳಿತು, "ಮಾಳಣ್ಣ, ಮೂರು ದಿನ ಕೊಡ್ತೀವಿ. ನಿಲ್ಲು ಅಂದರೆ ನಿಲ್ಲೋದನ್ನ ಅದು ಕಲೀಬೇಕು. ಕಲಿತರೆ ಸರಿ. ಇಲ್ಲದಿದ್ದರೆ ಅದು ಇರಬೇಕು, ಇಲ್ಲ ನಾವು ಇರಬೇಕು."

ಬಂಡೆಗುಂಡಿನ ಮೇಲೆ ಹಿರಿ ತೋಳ ಕೂತು ಇದನ್ನೆಲ್ಲ ಕೇಳಿಸಿಕೊಂಡಿತು. "ಮೂರೇ ದಿನ," ಅಂತ ಹಲ್ಲು ನೆಕ್ಕಿತು. "ಆಮೇಲೆ ಮರಿ ನಮ್ಮದು. ರೊಪ್ಪದ ದಾರಿ ಅದಕ್ಕೆ ಗೊತ್ತು. ಕುರಿಗಳೂ ನಮ್ಮವೇ."

ಮಾಳ ಯೋಚನೆಗೆ ಬಿದ್ದ. ಮರಿಯ ಕೊರಳಿಗೆ ಏನಾದರೂ ಹಾಕಿ ಕಲಿಸಬೇಕು. ಏನು ಹಾಕುವುದು? ಅಲ್ಲಿಯತನಕ ಲೋಕದಲ್ಲಿ ಯಾರೂ ನಾಯಿಯ ಕೊರಳಿಗೆ ಏನನ್ನೂ ಹಾಕಿರಲಿಲ್ಲ.

ಮೊದಲನೇ ದಿನ ಜಾಲಿ ಮರ ಹೇಳಿತು, "ನನ್ನ ಮುಳ್ಳು ತಗೋ. ಒಳಮುಖ ಮಾಡಿ ಕಟ್ಟು. ಬೇಗ ಕಲಿಯುತ್ತೆ."

ಮಾಳ ಮುಳ್ಳಿನ ಪಟ್ಟಿ ಕಟ್ಟಿದ. ಮರಿ ಓಡಿತು. ಮಾಳ "ನಿಲ್ಲು!" ಅಂತ ಹಗ್ಗ ಎಳೆದ. ಮುಳ್ಳು ಚುಚ್ಚಿತು. ಮರಿ ನಿಂತಿತು. "ನೋಡಿದೆಯಾ!" ಅಂತ ಜಾಲಿ ಬೀಗಿತು. ಆದರೆ ಸಂಜೆ ಮಾಳ ಪ್ರೀತಿಯಿಂದ "ಬಾ ಮಗಾ" ಅಂದರೆ ಮರಿ ಬರಲಿಲ್ಲ. ಮಾಳನ ದನಿ ಕೇಳಿದರೇ ಕತ್ತಿನ ಕೂದಲು ನಿಮಿರುತ್ತಿತ್ತು. ಮುಳ್ಳು ಇರುವುದು ಜಾಲಿಯಲ್ಲಲ್ಲ, ಮಾಳನ ಬಾಯಲ್ಲಿ ಅಂತ ಅದು ತಿಳಿದುಕೊಂಡಿತ್ತು.

ಗುಂಡಿನ ಮೇಲಿಂದ ತೋಳ ಕೂಗಿತು, "ಇನ್ನು ಎರಡೇ ದಿನ!"

ಎರಡನೇ ದಿನ ಅಂಬಿನ ಬಳ್ಳಿ ಹೇಳಿತು, "ನನ್ನಲ್ಲಿ ಮುಳ್ಳಿಲ್ಲ. ಮರಿ ಎಳೆದಷ್ಟೂ ನಾನು ಬಿಗಿಯುತ್ತೇನೆ, ಅಷ್ಟೇ."

ಮಾಳ ಮುಳ್ಳಿನ ಪಟ್ಟಿ ಬಿಚ್ಚಿದ, ಬಳ್ಳಿ ಕಟ್ಟಿದ. ಅವನು ಹುಟ್ಟಾ ಕುರುಬ. ಕುರಿಗೆ ಗಂಟೆ ಕಟ್ಟುವವನು ಪಟ್ಟಿಯನ್ನು ಉಣ್ಣೆಯೊಳಗೆ ಇಳಿಯುವ ಹಾಗೆ ಒತ್ತಿ ಬಿಗಿಯುತ್ತಾನೆ. ಇಲ್ಲದಿದ್ದರೆ ಉಣ್ಣೆ ಕತ್ತರಿಸಿದ ದಿನ ಗಂಟೆ ಕಳಚಿ ಬೀಳುತ್ತದೆ. ಕೈಗೆ ಅದೇ ರೂಢಿ. ಮರಿಯ ಕತ್ತಿಗೂ ಹಾಗೇ ಒತ್ತಿ ಬಿಗಿದು, ಬಳ್ಳಿಯ ತುದಿಯನ್ನು ರೊಪ್ಪದ ಗೂಟಕ್ಕೆ ಕಟ್ಟಿದ.

ಮಧ್ಯಾಹ್ನ ಗಾಳಿ ಅಂಬೆಗಾಲಲ್ಲೇ ಸುತ್ತಿ ಸುತ್ತಿ ಆಡಿ ದೂಳೆಬ್ಬಿಸಿತು. ದೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆ ದೂಳಿನ ಮರೆಯಲ್ಲಿ ಹಿರಿ ತೋಳ ಹೊಟ್ಟೆ ಎಳೆದುಕೊಂಡು ರೊಪ್ಪದ ಹತ್ತಿರ ಬಂತು. ಕಂಡಿದ್ದು ಮರಿಗೆ ಒಂದಕ್ಕೇ. ಅದು ಬೊಗಳಲು ಬಾಯಿ ತೆರೆಯಿತು. ದನಿ ಬರಲಿಲ್ಲ. ಮುಂದಕ್ಕೆ ಹಾರಿತು. ಬಳ್ಳಿ ಬಿಗಿಯಿತು. ಇನ್ನೊಮ್ಮೆ ಹಾರಿತು. ಬಳ್ಳಿ ಇನ್ನೂ ಬಿಗಿಯಿತು. ನಾಲಿಗೆ ನೀಲಿಯಾಯಿತು. ತೋಳ ಬಿಳಿಗಿವಿಯ ಮರಿಯ ಕಾಲಿಗೆ ಬಾಯಿ ಹಾಕಿತು.

ಅಂಬೆಗಾಲಿನ ಗಾಳಿ ಹೆದರಿ ಎದ್ದು, ಮೊದಲ ಸಲ ಓಡಿತು. ತೋಳದ ವಾಸನೆಯನ್ನು ಹೊತ್ತು ತಂದು ಕೆಂಚವ್ವನ ಮೂಗಿಗೆ ಹಿಡಿಯಿತು. ಕೆಂಚವ್ವ ಒನಕೆ ಹಿಡಿದು ಬಂದಳು. ತೋಳ ಬಿಟ್ಟು ಓಡಿತು. ಕುರಿಮರಿ ಉಳಿಯಿತು, ಕುಂಟಾಯಿತು.

ಕೆಂಚವ್ವ ನಾಯಿಮರಿಯ ಬಳ್ಳಿಯೊಳಗೆ ಬೆರಳು ತೂರಿಸಲು ನೋಡಿದಳು. ಬೆರಳು ಹೋಗಲಿಲ್ಲ. ಕುಡುಗೋಲಿನಿಂದ ಕುಯ್ದು ಬಿಸಾಕಿದಳು. ಮರಿ ಉಸಿರೆಳೆದುಕೊಂಡಿತು.

"ಅಯ್ಯೋ ನಿನ್ನ ಕೈಗೆ ಕರಿನಾಗರ ಕಡಿಯಾ! ಇದರ ಮೈಮೇಲೆ ಉಣ್ಣೆ ಐತಾ? ಕುರಿಗೆ ಕಟ್ಟಿದಂಗೆ ಕಟ್ಟಿದ್ದೀಯಲ್ಲೋ!"

ಮಾಳ ಕೂತುಬಿಟ್ಟ. ಕುರುಬನಿಗೆ ಲೋಕವೆಲ್ಲ ಉಣ್ಣೆಯಾಗಿ ಕಂಡಿತ್ತು.

"ಇನ್ನು ಒಂದೇ ದಿನ!" ಅಂತ ತೋಳ ಕೂಗಿತು.

ಆಗ ಬಿಳಿಗಿವಿ ಬಂತು. ಅದರ ಹಿಂದೆ ಅದರ ಮರಿ ಕುಂಟುತ್ತಿತ್ತು. "ಅದು ಬೊಗಳೋಕೆ ಬಾಯಿ ತೆಗೆದದ್ದನ್ನ ಆ ದೂಳಲ್ಲೂ ನಾನು ಹತ್ತಿರದಿಂದ ನೋಡಿದೆ," ಅಂದಿತು. "ನನ್ನ ಉಣ್ಣೆ ತಗೋ ಕೆಂಚವ್ವ. ಹೊಟ್ಟೆಯದ್ದು ಬೇಡ, ಬೆನ್ನಿನದ್ದು ತಗೋ. ಅದು ಮೆತ್ತಗಿರುತ್ತೆ, ಹರಿಯೋದೂ ಇಲ್ಲ."

ಕೆಂಚವ್ವ ಕದಿರು ತಿರುಗಿಸಿ ನೂಲು ತೆಗೆದಳು. ಎರಡು ಬೆರಳಗಲದ ಪಟ್ಟಿ ನೇಯ್ದಳು. ಮರಿಯ ಕೊರಳಿಗೆ ಕಟ್ಟಿ, ಒಳಗೆ ಎರಡು ಬೆರಳು ಹಾಕಿ ನೋಡಿದಳು. ಮೂರು ಬೆರಳು ಹೋದರೆ ಕಳಚುತ್ತೆ. ಒಂದೇ ಹೋದರೆ ಉಸಿರು ಕಟ್ಟುತ್ತೆ. ಎರಡು ಸರಿಯಾಗಿ ಹೋದವು.

ಮೂರನೇ ದಿನವೆಲ್ಲ ಮಾಳ ಮರಿಯ ಜೊತೆ ನಡೆದ. "ನಿಲ್ಲು" ಅಂದು ಹಗ್ಗ ಸ್ವಲ್ಪ ಜಗ್ಗುವನು. ಮರಿ ನಿಂತರೆ ಒಂದು ಚೂರು ರೊಟ್ಟಿ ಕೊಡುವನು. ನಡೆದ, ನಿಂತ. ನಡೆದ, ನಿಂತ. ಈಗ ಕತ್ತಿನಲ್ಲಿ ನೋವಿರಲಿಲ್ಲ. ಕತ್ತಿನ ಕಡೆಗಿದ್ದ ಗಮನ ಕಿವಿಯ ಕಡೆಗೆ ಬಂತು.

ಹೊತ್ತು ಇಳಿಯಿತು. ಹಿರಿ ತೋಳ ಗುಂಡಿನಿಂದ ಇಳಿದು ಬಯಲ ನಡುವೆ ನಿಂತಿತು. "ಬಾರೋ ಮರಿ," ಅಂತ ಕರೆಯಿತು. "ನಮ್ಮಲ್ಲಿ ಹಗ್ಗವಿಲ್ಲ, ಪಟ್ಟಿಯಿಲ್ಲ. ಓಡೋಣ ಬಾ!" ಅಂತ ಬೆನ್ನು ತಿರುಗಿಸಿ ಓಡಿತು.

ಓಡುವುದನ್ನು ಕಂಡಿತಲ್ಲ, ಮರಿ ಹಾರಿತು! ಹಗ್ಗ ಮಾಳನ ಕೈಯಿಂದ ಜಾರಿತು. ಕುರಿಗಳೆಲ್ಲ ಉಸಿರು ಹಿಡಿದು ನಿಂತವು. ಹೊಳೆ ಹರಿಯುವುದನ್ನೇ ನಿಲ್ಲಿಸಿತು.

ಮಾಳ ಹಗ್ಗದ ಹಿಂದೆ ಓಡಲಿಲ್ಲ. ನಿಂತಲ್ಲೇ ನಿಂತು, "ನಿಲ್ಲು ಮಗಾ," ಅಂದ.

ಮರಿ ನಿಂತಿತು.

ತಿರುಗಿ ಮಾಳನನ್ನು ನೋಡಿತು. ಮತ್ತೆ ತೋಳವನ್ನು ನೋಡಿತು. ತೋಳ ಹಲ್ಲು ಕಿರಿದು ಅದರ ಕಡೆಗೇ ಬಂತು. ಮರಿ ಗುರ್ ಅಂದಿತು. ಆಗ ಮೊದಲನೇ ದಿನ ಮುಳ್ಳು ಚುಚ್ಚಿದ ಒಂದೊಂದು ಜಾಗದಲ್ಲೂ ಕೂದಲು ಎದ್ದು ನಿಂತಿತು, ನೆಟ್ಟಗೆ, ಮುಳ್ಳಿನ ಹಾಗೇ. ತೋಳ ಗಕ್ಕನೆ ನಿಂತಿತು. "ಮುಳ್ಳು ಹೊರಮುಖವಾಗಿದೆಯಲ್ಲ!" ಅಂದುಕೊಂಡು, ಬಾಲ ಕಾಲಸಂದಿಗೆ ಸೇರಿಸಿ ಗುಡ್ಡ ಹತ್ತಿತು.

ಬಿಳಿಗಿವಿ ಬಂದು ಮರಿಯ ಪಕ್ಕದಲ್ಲಿ ಮಲಗಿತು. ಮರಿಗೆ ಇನ್ನು ಪಟ್ಟಿಯೇ ಬೇಕಿರಲಿಲ್ಲ. ಕೆಂಚವ್ವ ಅದನ್ನು ಬಿಚ್ಚಿ, ಕುರಿಗಳನ್ನು ಉಳಿಸಿದ್ದಕ್ಕೆ ಅಂತ ಹೊಳೆಗೆ ಕೊಟ್ಟಳು. ಹೊಳೆ ಅದನ್ನು ಕೊರಳಿಗೆ ಹಾಕಿಕೊಂಡು, ಅವತ್ತೇ ದಾರಿ ಗೊತ್ತು ಮಾಡಿಕೊಂಡು, ಸಮುದ್ರಕ್ಕೆ ಹೊರಟುಹೋಯಿತು.

ಅದಕ್ಕೇ ಕಣವ್ವ, ಇವತ್ತಿಗೂ ಹೆದರಿಕೆಯೋ ಸಿಟ್ಟೋ ಬಂದರೆ ನಾಯಿಯ ಕತ್ತಿನ ಕೂದಲು ಮುಳ್ಳಿನ ಹಾಗೆ ಎದ್ದು ನಿಲ್ಲೋದು.

ಸೋಮಲಿಂಗ ಬೆಲ್ಟಿನ ಹಲ್ಲನ್ನು ಹೆಬ್ಬೆರಳಿಗೆ ಒತ್ತಿ ನೋಡಿಕೊಂಡ. ಆಮೇಲೆ ಅದನ್ನು ಗೋಣಿಚೀಲಕ್ಕೆ ಹಾಕಿ, ಹಳೇ ಕಂಬಳಿಯ ಅಂಚು ಹರಿದು ಕಮಲಿಯ ಕೈಗೆ ಕೊಟ್ಟ. "ಮೂರು ದಿನ ನೋಡ್ತೀನಿ," ಅಂದ.

ಕಮಲಿ ಅದನ್ನು ಮರಿಯ ಕೊರಳಿಗೆ ಕಟ್ಟಿ, ಎರಡು ಬೆರಳು ಹಾಕಿ ನೋಡಿದಳು. ಮರಿಯ ಕೂದಲು ಮೆಲ್ಲಗೆ ಮಲಗಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ತಾತ, ಪಟ್ಟಿ ಹೊಳೆ ಜೊತೆ ಸಮುದ್ರಕ್ಕೆ ಹೋಯ್ತು ಅಂದೆ. ಮತ್ತೆ ನಿನ್ನ ಸೊಂಟಕ್ಕೆ ಎಲ್ಲಿಂದ ಬಂತು?"

ಸೋಮಲಿಂಗ ಕಿಸಕ್ಕನೆ ನಕ್ಕ.

ನಾನು ಭುಜ ಹಾರಿಸಿದೆ. "ಹೊಳೆಗೆ ಹಿಂದಕ್ಕೆ ಹರಿದು ಅಭ್ಯಾಸ ಇತ್ತಲ್ಲವ್ವ," ಅಂದೆ.